ಐದನೇ ಮನೆಯಲ್ಲೇ ನಿಂತುಹೋದ ಮಾತು

ಕಳೆದ ವರ್ಷ ಗುಡ್ ಫ್ರೈಡೇಗೆ ಇನ್ನೂ ಮೂರು ವಾರ ಇರುವಾಗ, ಒಂದು ಭಾನುವಾರ ಮಧ್ಯಾಹ್ನ, ನನ್ನ ಗಂಟಲಿನಲ್ಲಿ ಅನ್ನ ಇಳಿಯುವುದು ನಿಂತಿತು. ಆಶಾ, ರೂಬೆನ್, ನೀವಿಬ್ಬರೂ ಆಗ ಎದುರಿಗೇ ಕೂತಿದ್ದಿರಿ. ಅಜ್ಜಿಗೆ ಕೆಮ್ಮು ಬಂತು ಎಂದು ನೀರು ತಂದುಕೊಟ್ಟಿರಿ. ಅದು ಕೆಮ್ಮಲ್ಲ. ತುತ್ತು ನಾಲಿಗೆಯ ಬುಡದವರೆಗೆ ಹೋಗುತ್ತಿತ್ತು, ಅಲ್ಲಿ ಯಾರೋ ಬಾಗಿಲು ಹಾಕಿಕೊಂಡ ಹಾಗೆ ನಿಂತುಬಿಡುತ್ತಿತ್ತು.

ಇದನ್ನು ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಒಂದೇ ಮನೆಯಲ್ಲಿ ಇದ್ದೂ ಕಾಗದ ಬರೆಯುತ್ತಾಳೆ ಎಂದು ನಗಬೇಡಿ. ನಾನು ಏಳನೇ ಕ್ಲಾಸಿನವರೆಗೆ ಊರ ಶಾಲೆಯಲ್ಲಿ ಕಲಿತವಳು. ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದವಳಲ್ಲ. ನೀವು ಓದಿದ ಮೇಲೆ ನಮ್ಮ ಪಾದ್ರಿ ಅಯ್ಯನವರು ಇದನ್ನು ಸಭೆಯವರಿಗೂ ಓದಿ ಹೇಳುತ್ತೇನೆ ಎಂದಿದ್ದಾರೆ. ಓದಲಿ. ಆ ಹೊತ್ತು ನಾನು ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತೇನೆ.

ಆ ಭಾನುವಾರ ನಮ್ಮಲ್ಲಿ ಉಜ್ಜೀವನ ಕೂಟದ ಕೊನೆಯ ದಿನ. ಹೊರಗಿನಿಂದ ಒಬ್ಬ ವಯಸ್ಸಾದ ಬೋಧಕರು ಬಂದಿದ್ದರು. ಸಣ್ಣ ಆಳು, ಮೈಕು ಬೇಡ ಅಂದರು. ನಿಂತ ಕೂಡಲೇ, “ಇಲ್ಲಿ ಯಾರ್ಯಾರು ಕೊಲೆ ಮಾಡಿಲ್ಲ, ಕೈ ಎತ್ತಿ ನೋಡೋಣ” ಎಂದರು. ಎಲ್ಲರೂ ನಗುತ್ತಾ ಎತ್ತಿದರು. ನನ್ನ ಹಿಂದೆ ಕೂತಿದ್ದ ಎಸ್ತರಮ್ಮ ಎರಡೂ ಕೈ ಎತ್ತಿದಳು. ಅಕ್ಕಪಕ್ಕದವರು ಎತ್ತಿದ್ದು ನೋಡಿ ನಾನೂ ಎತ್ತಿದೆ.

“ಇಳಿಸಬೇಡಿ, ಹಾಗೇ ಇರಲಿ. ದೇವರಿದ್ದಾನೆ ಅಂತ ಎಲ್ಲರೂ ನಂಬ್ತೀರಿ ಅಲ್ವಾ? ಆ ದೇವರು ಈಗ ನಿಮ್ಮನ್ನ ನೋಡ್ತಾ ಇದ್ದಾನೆ ಅಂತಾನೂ ನಂಬ್ತೀರಾ? ಹಾಗಾದ್ರೆ ಪಕ್ಕದ ಮನೆಯವರ ಹತ್ರ ಮಾತು ಬಿಟ್ಟಿರೋರು ಮಾತ್ರ ಕೈ ಇಳಿಸಿ.”

ಒಂದು ಕೈಯೂ ಇಳಿಯಲಿಲ್ಲ. ನಗು ನಿಂತಿತು. ಕೆಲವರು ಕಿಟಕಿ ನೋಡಿದರು. ಬೋಧಕರು ಎತ್ತಿದ ಕೈಗಳನ್ನೇ ನೋಡುತ್ತಾ ನಿಂತರು. ತೋಳು ನೋಯತೊಡಗಿದವು. ಆಮೇಲೆ ಮೆಲ್ಲಗೆ ಹೇಳಿದರು: “ನಾವು ಮಾಡಿದ್ದನ್ನ ಮಾತ್ರ ಪಾಪ ಅಂದ್ಕೊಂಡಿದ್ದೀವಿ. ಮಾಡಬೇಕಾದ್ದನ್ನ ಮಾಡದೆ ಬಿಟ್ಟೆವಲ್ಲ, ಅದಕ್ಕೆ ಹೆಸರೇ ಇಟ್ಟಿಲ್ಲ. ನೀರಿಗೆ ಬಿದ್ದವನನ್ನ ನಾನು ತಳ್ಳಲಿಲ್ಲ ಅಂತೀವಿ. ದಡದ ಮೇಲೆ ನಿಂತಿದ್ದೆ ಅನ್ನೋದು ಹೇಳಲ್ಲ.”

ನನ್ನ ಕೈ ಎಲ್ಲರಿಗಿಂತ ಕೊನೆಗೆ ಇಳಿಯಿತು. ಬೇಕೆಂದು ಹಿಡಿದದ್ದಲ್ಲ, ಇಳಿಸಲು ಆಗಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತೆ. ಅನ್ನ ಇಳಿಯಲಿಲ್ಲ.

ಈಗ ಅದರ ಹಿಂದಿನದನ್ನು ಬರೆಯಬೇಕು.

ನಮ್ಮ ಸಾಲಿನಲ್ಲಿ ಆರು ಮನೆ. ಮೇಲೆ ಎಸ್ಟೇಟು, ಕೆಳಗೆ ಗದ್ದೆ. ನಮ್ಮದು ಐದನೆಯದು. ಗದ್ದೆಯ ಇಳಿಜಾರಿಗೆ ಅಂಟಿಕೊಂಡಿರುವ ಕೊನೆಯದು ಸರೋಜಳದು. ನಮ್ಮ ತಗ್ಗಿನಲ್ಲಿ ಆಗ ಮೊಬೈಲ್ ಸಿಗ್ನಲ್ ಸಿಗುತ್ತಿರಲಿಲ್ಲ. ಎಸ್ಟೇಟಿನ ಕಾವಲಿನವರು ಬೆಳಗ್ಗೆ ಆನೆಗಳು ಎಲ್ಲಿವೆ ಎಂದು ನೋಡಿ ಮೊದಲನೇ ಮನೆಗೆ ಹೇಳಿಹೋಗುತ್ತಿದ್ದರು. ಅವರು ಎರಡನೆಯವರಿಗೆ, ಎರಡನೆಯವರು ಮೂರನೆಯವರಿಗೆ, ಹೀಗೆ ಬೇಲಿಯಿಂದ ಬೇಲಿಗೆ ಕೂಗಿ ಹೇಳುವುದು. ಆ ಕಡೆಯಿಂದ “ಕೇಳ್ತು” ಎಂಬ ಮಾತು ಬರುವವರೆಗೆ ಕೂಗಿದವರು ಬೇಲಿ ಬಿಟ್ಟು ಹೋಗುವ ಹಾಗಿಲ್ಲ. ಹಿರಿಯರು ಮಾಡಿಟ್ಟ ಕಟ್ಟು ಅದು. ಜಗಳವಾಡಿದವರೂ ಅದನ್ನು ಮುರಿದಿರಲಿಲ್ಲ.

ಸರೋಜ ನನಗಿಂತ ಹತ್ತು ವರ್ಷ ಚಿಕ್ಕವಳು. ಮಕ್ಕಳಿಲ್ಲ. ಗಂಡ ಈರಪ್ಪ, ಸಮಾಧಾನದ ಮನುಷ್ಯ. ನಿಮ್ಮ ತಾತ ತೀರಿಕೊಂಡಾಗ ಗುಂಡಿ ತೆಗೆಯಲು ಮೊದಲು ಗುದ್ದಲಿ ತಂದವರು ಅವರೇ. ಅಂಥ ಮನೆಯ ಜೊತೆ ನನ್ನ ಮಾತು ನಿಂತದ್ದು ಒಂದು ಕೋಳಿಯಿಂದ. ಅಂಗಳದಲ್ಲಿ ಮೆಣಸು ಒಣಗಲು ಹಾಕಿದ್ದೆ. ಅವಳ ಕೋಳಿ ಬಂದು ಕೆದರಿತು. ಸಿಟ್ಟಿಗೆ ಸೌದೆ ಬೀಸಿದೆ, ಕಾಲು ಮುರಿಯಿತು. ಅವಳು ಕೋಳಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡು, “ದೇವರ ಮಕ್ಕಳಂತೆ! ಭಾನುವಾರ ಪ್ರಾರ್ಥನೆ, ಸೋಮವಾರ ಕೋಳಿ ಕಾಲು ಮುರಿಯೋದು” ಎಂದು ಸಾಲಿಗೆಲ್ಲ ಕೇಳುವಂತೆ ಅಂದಳು. ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. “ಒಂದು ಹೆತ್ತಿದ್ದಿದ್ರೆ ಕೋಳಿಗೆ ಇಷ್ಟು ಅಳ್ತಿರಲಿಲ್ಲ ನೀನು” ಎಂದೆ.

ಹೆಚ್ಚು ಮಾತಾಡದ ನಾನು ಆಡಿದ ಮಾತು ಅದು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಅಂದಿನಿಂದ ಒಂದು ವರ್ಷಕ್ಕೂ ಮೇಲೆ ನಮ್ಮಲ್ಲಿ ಮಾತಿಲ್ಲ.

ಆದರೂ ಆನೆಯ ಸುದ್ದಿ ದಾಟಿಸಬೇಕಲ್ಲ. ಆನೆ ಹತ್ತಿರ ಬಂದ ದಿನ ನಾನು ಒಂದು ಕೋಲು ತೆಗೆದುಕೊಂಡು ಬೇಲಿಯ ಗೂಟಕ್ಕೆ ಮೂರು ಸಲ ಬಡಿಯುತ್ತಿದ್ದೆ. ಅವಳು ಆ ಕಡೆಯಿಂದ ಬಕೆಟ್ಟಿಗೆ ಒಂದು ಸಲ ಬಡಿಯುತ್ತಿದ್ದಳು. ಅಷ್ಟೇ. ಸಾಲಿನವರಿಗೆ ಅದು ತಮಾಷೆ. “ನಿಮ್ಮದು ಒಳ್ಳೆ ಟೆಲಿಗ್ರಾಂ ಆಫೀಸು” ಎಂದು ನಾಲ್ಕನೇ ಮನೆಯ ಡೇವಿಡಣ್ಣ ನಗುತ್ತಿದ್ದರು.

ಒಂದು ಶನಿವಾರ ಸಂಜೆ ನಲ್ಲಿಯ ಹತ್ತಿರ ಅವಳು ಬೇರೆಯವರ ಜೊತೆ ಮಾತಾಡುತ್ತಾ ನನಗೆ ಕೇಳುವಂತೆ ಅಂದಳು: “ಕೋಲಲ್ಲಿ ಬಡಿಯೋದು ನಾಯಿ ಓಡ್ಸಕ್ಕೆ. ಮನುಷ್ಯರಾದ್ರೆ ಬಾಯಲ್ಲಿ ಹೇಳ್ತಾರೆ.”

ಮರುದಿನ ಭಾನುವಾರ. ಗದ್ದೆಯಲ್ಲಿ ಭತ್ತ ಹಣ್ಣಾಗುತ್ತಿದ್ದ ಕಾಲ. ಬೆಳಗ್ಗೆ ನಾನು ಆರಾಧನೆಗೆಂದು ಗುಡಿಗೆ ಹೊರಡಲು ಬಿಳಿ ಸೀರೆ ಉಟ್ಟು ನಿಂತಿದ್ದೆ. ಡೇವಿಡಣ್ಣ ಕೂಗಿದರು: “ರಾಹೇಲಮ್ಮಾ, ಒಂಟಿ ಸಲಗ ಗದ್ದೆ ಅಂಚಲ್ಲೇ ಐತಂತೆ, ಕೆಳಗೆ ಇಳೀಬೇಡಿ!” ನಾನು “ಕೇಳ್ತು” ಎಂದೆ. ಕೋಲು ತೆಗೆದುಕೊಂಡು ಬೇಲಿಗೆ ಹೋದೆ. ಸರೋಜ ಅಂಗಳ ಗುಡಿಸುತ್ತಿದ್ದಳು. ತಲೆ ಎತ್ತಿ ನನ್ನನ್ನೂ ನನ್ನ ಕೈಯ ಕೋಲನ್ನೂ ನೋಡಿದಳು. ಆಮೇಲೆ ಬೆನ್ನು ತಿರುಗಿಸಿ ಮತ್ತೆ ಗುಡಿಸಿದಳು. ಧೂಳು ನನ್ನ ಬಿಳಿ ಸೀರೆಯ ಕಡೆ ಬಂತು.

ನಲ್ಲಿಯ ಹತ್ತಿರದ ಮಾತು ನೆನಪಾಯಿತು. ಬಡಿಯುವುದು ನಾಯಿಗೆ ತಾನೇ, ಬೇಕಿದ್ದರೆ ಅವಳೇ ಕೇಳಲಿ ಎಂದುಕೊಂಡೆ. ಕೋಲನ್ನು ಬೇಲಿಗೆ ಒರಗಿಸಿ ಬಂದುಬಿಟ್ಟೆ.

ಅಂದು ಗುಡಿಯಲ್ಲಿ ಕರ್ತನ ಭೋಜನವಿತ್ತು. ನಾನು ಮೊಣಕಾಲೂರಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತೆಗೆದುಕೊಂಡೆ. ಅದೇ ಹೊತ್ತಿನಲ್ಲಿ ಈರಪ್ಪ ಗದ್ದೆಯ ನೀರು ಹೊರಕ್ಕೆ ಬಿಡಲು ಇಳಿದಿದ್ದರು. ಆಮೇಲಿನದು ಬರೆಯುವುದಿಲ್ಲ. ನಾನು ಗುಡಿಯಿಂದ ಬರುವಾಗ ದಾರಿಯಲ್ಲಿ ಫಾರೆಸ್ಟಿನವರ ಜೀಪು ನಿಂತಿತ್ತು.

ಸಾವಿನ ಮನೆಯಲ್ಲಿ ಜನ ಕೇಳಿದರು. ಮಾತು ಎಲ್ಲಿ ನಿಂತಿತು ಎಂದು ಮೊದಲನೇ ಮನೆಯಿಂದ ಕೇಳುತ್ತಾ ಬಂದರು. ಡೇವಿಡಣ್ಣ, “ನಾನು ರಾಹೇಲಮ್ಮನಿಗೆ ಹೇಳ್ದೆ, ‘ಕೇಳ್ತು’ ಅಂದ್ರು” ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಬಾಯಿಂದ ಬಂದದ್ದು ಇದು: “ಕೂಗಿದ್ದೆ. ಬಡಿದಿದ್ದಲ್ಲ, ಜೋರಾಗೇ ಕೂಗಿದ್ದೆ.”

ಗೋಡೆಗೆ ಒರಗಿ ಕೂತಿದ್ದ ಸರೋಜ ತಲೆ ಎತ್ತಿದಳು. ನನ್ನನ್ನು ನೋಡಿದಳು. ಈಗ ಹೇಳುತ್ತಾಳೆ, ಈಗ ಸುಳ್ಳಿ ಎನ್ನುತ್ತಾಳೆ ಎಂದು ಕಾದೆ. ಅವಳು ಏನೂ ಹೇಳಲಿಲ್ಲ. ತಲೆ ಮತ್ತೆ ಬಗ್ಗಿತು. ಯಾರೋ ಹೇಳಿದರು, “ಕೂಗಿದ್ರೂ ಕೇಳ್ದೆ ಹೋದ್ರೆ ಯಾರೇನ್ ಮಾಡಕ್ಕಾಯ್ತದೆ. ಹಟಮಾರಿ ಮನುಷ್ಯ.” ಈರಪ್ಪನವರ ಹೆಸರು ಅಂದಿನಿಂದ ಹಾಗೆಯೇ ಉಳಿಯಿತು.

ಅದಾದ ಮೇಲೆ ಏಳು ವರ್ಷ ಹಾಗೇ ಕಳೆಯಿತು. ತಗ್ಗಿಗೂ ಸಿಗ್ನಲ್ ಬಂತು, ಆನೆಯ ಸುದ್ದಿ ಮೊಬೈಲಿಗೇ ಬರತೊಡಗಿತು. ಬೇಲಿಯ ಆ ಜಾಗಕ್ಕೆ ನಾನು ಹೋಗಲಿಲ್ಲ. ಆದರೆ ಬೆಳಗ್ಗೆ ಹಾಲು ಕಾಯಿಸುವಾಗ ಆ ಕಡೆಯಿಂದ ಕೆಮ್ಮು ಕೇಳುತ್ತಿತ್ತು. ಈರಪ್ಪ ಕೆಲಸಕ್ಕೆ ಇಳಿಯುವ ಮುಂಚೆ ತಲೆಗೆ ವಸ್ತ್ರ ಸುತ್ತುತ್ತಾ ಎರಡು ಸಲ ಕೆಮ್ಮುತ್ತಿದ್ದರು. ಅದೇ ಕೆಮ್ಮು, ಅದೇ ಎರಡು ಸಲ. ದೆವ್ವ ಭೂತ ನಂಬುವವಳಲ್ಲ ನಾನು. ಕಿವಿಯ ದೋಷ ಎಂದುಕೊಂಡೆ. ಆದರೆ ಆಗ ನಮ್ಮಲ್ಲಿದ್ದ ಕಪ್ಪು ನಾಯಿಯೂ ಅದೇ ಹೊತ್ತಿಗೆ ಕಿವಿ ನಿಮಿರಿಸಿ ಬೇಲಿಯ ಕಡೆ ನೋಡುತ್ತಿತ್ತು, ಪರಿಚಯದವರನ್ನು ಕಂಡ ಹಾಗೆ ಬಾಲ ಆಡಿಸುತ್ತಿತ್ತು. ನಾಯಿ ಸತ್ತ ಮೇಲೆ ಕೇಳುವವಳು ನಾನೊಬ್ಬಳೇ ಆದೆ.

ಕೆಮ್ಮಿಗಿಂತ ಹೆಚ್ಚು ಕಾಡಿದ್ದು ಸರೋಜಳ ಮೌನ. ಯಾಕೆ ಹೇಳಲಿಲ್ಲ ಅವಳು? ಅವಳು ಅಂಗಳ ಗುಡಿಸುವ ಸದ್ದು ದಿನವೂ ಬೇಲಿಯ ಹತ್ತಿರ ಬಂದಾಗ ನಿಲ್ಲುತ್ತಿತ್ತು. ನಾನು ಒಲೆಯ ಮುಂದೆ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಆಮೇಲೆ ಪೊರಕೆ ಮತ್ತೆ ಆಡುತ್ತಿತ್ತು. ಏಳು ವರ್ಷ ನಾನು ಪ್ರಾರ್ಥನೆ ಮಾಡಿದೆ, ಉಪವಾಸ ಇದ್ದೆ, ಗುಡಿಯ ನೆಲ ಒರೆಸಿದೆ. ದೇವರ ಹತ್ತಿರ ಎಲ್ಲ ಬೇಡಿದೆ, ಅದೊಂದನ್ನು ಮಾತ್ರ ಹೆಸರಿಟ್ಟು ಹೇಳಲಿಲ್ಲ. ದೇವರಿದ್ದಾನೆ ಎಂದು ನಂಬಿದ್ದೆ. ಅಂದು ಬೆಳಗ್ಗೆ ಬೇಲಿಯ ಹತ್ತಿರವೂ ಅವನಿದ್ದ ಎಂದು ನಂಬಲು ಮಾತ್ರ ನನಗೆ ಇಷ್ಟವಿರಲಿಲ್ಲ.

ಆ ಬೋಧನೆಯ ಮೇಲೆ ಗಂಜಿ, ಹಾಲು, ಎಳನೀರು ಬಿಟ್ಟು ಬೇರೇನೂ ಇಳಿಯಲಿಲ್ಲ. ಶನಿವಾರಸಂತೆಯ ಡಾಕ್ಟರು ಕೊಟ್ಟ ಸಿರಪ್ಪಿನಿಂದ ಗುಣವಾಗಲಿಲ್ಲ. ಈಸ್ಟರಿನ ದಿನ ಕರ್ತನ ಭೋಜನದ ರೊಟ್ಟಿಯ ಚೂರು, ಉಗುರಿನಷ್ಟು ಸಣ್ಣ ಚೂರು, ಗಂಟಲಲ್ಲಿ ನಿಂತಿತು. ಉಸಿರು ಕಟ್ಟಿತು. ಯಾರಿಗೂ ಕಾಣದ ಹಾಗೆ ಅದನ್ನು ಸೆರಗಿಗೆ ತೆಗೆದುಕೊಂಡೆ. ಆ ಸೆರಗನ್ನು ಮುದುರಿ ಹಿಡಿದುಕೊಂಡು ಮನೆಯವರೆಗೆ ನಡೆದೆ. ದೇವರು ನನ್ನನ್ನು ಹೊರಗೆ ಹಾಕಿದ್ದಾನೆ ಎಂದು ಆಗ ನಿಶ್ಚಯವಾಯಿತು.

ಅದರ ಮುಂದಿನ ಶನಿವಾರ ನಿಮ್ಮ ಅಮ್ಮ ಶಾಂತಾ ನನ್ನನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬೆಳಗಿನ ಮೊದಲ ಬಸ್ಸು. ಗಂಟಲಿಗೆ ಪೈಪು ಇಳಿಸಿ ನೋಡಿದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ. “ಅಜ್ಜಿ, ದಾರಿ ಚೆನ್ನಾಗೇ ಇದೆ. ಗಡ್ಡೆ ಇಲ್ಲ, ಹುಣ್ಣಿಲ್ಲ. ಮನಸ್ಸಿಗೇನಾದ್ರೂ ಬೇಜಾರಾಗಿದ್ಯಾ?” ಎಂದರು.

ನಾನು ಬಾಯಿ ತೆರೆಯುವ ಮುಂಚೆ ಶಾಂತಾ, “ಇವರಿಗೇನು ಬೇಜಾರು ಡಾಕ್ಟ್ರೇ, ಯಾರ ಹತ್ರಾನೂ ಒಂದು ಜೋರು ಮಾತಾಡಿದೋರಲ್ಲ” ಎಂದಳು. ಅವಳು ಪ್ರೀತಿಯಿಂದ ಹೇಳಿದ್ದು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಮಾತ್ರೆ ಬರೆದುಕೊಟ್ಟರು, ಎರಡು ವಾರ ಬಿಟ್ಟು ಬನ್ನಿ ಎಂದರು.

ವಾಪಸು ಕೊಡ್ಲಿಪೇಟೆ ಮೇಲೆ ಬರುವ ಬಸ್ಸು. ಸಂತೆಯ ದಿನವಾದ್ದರಿಂದ ಕಾಲಿಡಲು ಜಾಗವಿಲ್ಲ. ತಿರುವಿನಲ್ಲಿ ವಾಂತಿ ಬರುತ್ತದೆಂದು ಶಾಂತಾ ಡ್ರೈವರ್ ಹತ್ತಿರ ಹೋಗಿ ಕೂತಳು. ನಾನು ಹಿಂದೆ, ಕಿಟಕಿಯ ಪಕ್ಕ. ಕಾಫಿ ಹೂ ಬಿಟ್ಟಿತ್ತು, ಆ ವಾಸನೆ ಬಸ್ಸಿನ ಒಳಗೆಲ್ಲ ತುಂಬಿತ್ತು. ಹೊಟ್ಟೆ ಖಾಲಿ. ಕಣ್ಣು ಮುಚ್ಚಿ ಮೊದಲ ಸಲ ಹೆಸರಿಟ್ಟು ಹೇಳಿದೆ: ಕರ್ತನೇ, ಈರಪ್ಪನವರಿಗೆ ಹೋಗಬೇಕಾದ ಮಾತನ್ನು ನಾನು ನುಂಗಿದೆ. ಸರೋಜಳಿಗೆ ಇದನ್ನು ಹೇಳಬೇಕು. ಅವಳ ಬಾಗಿಲಿಗೆ ಹೋಗಲು ನನ್ನ ಕಾಲು ಬರುವುದಿಲ್ಲ. ನೀನೇ ಏನಾದರೂ ಮಾಡು.

ಕೊಡ್ಲಿಪೇಟೆಯಲ್ಲಿ ನನ್ನ ಪಕ್ಕದವರು ಇಳಿದರು. ಹತ್ತಿದವರಲ್ಲಿ ಸರೋಜ ಇದ್ದಳು. ಅಕ್ಕನ ಮನೆಯಿಂದ ಬರುತ್ತಿದ್ದಳು, ಕೈಯಲ್ಲಿ ಮೆಣಸಿನಕಾಯಿ ಸಸಿಯ ಚೀಲ. ಇಡೀ ಬಸ್ಸಿನಲ್ಲಿ ಖಾಲಿ ಇದ್ದದ್ದು ನನ್ನ ಪಕ್ಕದ ಸೀಟೊಂದೇ. ಅವಳು ಅದನ್ನು ನೋಡಿ, ನನ್ನನ್ನು ನೋಡಿ, ಕಂಬಿ ಹಿಡಿದು ನಿಂತಳು.

“ಕೂತ್ಕಳಮ್ಮ,” ಎಂದ ಕಂಡಕ್ಟರ್, “ಹೆಂಗಸ್ರಿಗೆ ಟಿಕೆಟ್ ಹೆಂಗೂ ಫ್ರೀ. ನಿಂತ್ಕಂಡ್ ಹೋದ್ರೆ ಸರ್ಕಾರ ಅದಕ್ಕೆ ಬೇರೆ ಬಹುಮಾನ ಕೊಡಲ್ಲ.”

ಜನ ನಕ್ಕರು. ಅವಳು ಸೀಟಿನ ಅಂಚಿಗೆ ಕೂತಳು. ಸ್ವಲ್ಪ ದೂರ ಹಾಗೇ ಹೋಯಿತು. ಆಮೇಲೆ ಅವಳೇ, ಮುಂದೆ ನೋಡುತ್ತಾ, “ಗಂಟಲಿಗೆ ಏನಂದ್ರು?” ಎಂದಳು. ಎಂಟು ವರ್ಷಕ್ಕೂ ಮೇಲಾದ ಮೇಲೆ ಬಂದ ಮೊದಲ ಮಾತು.

“ಏನೂ ಇಲ್ಲ ಅಂದ್ರು.”

“ಏನೂ ಇಲ್ದೆ ಹಿಂಗೆ ಒಣಗಿ ಕಡ್ಡಿ ಆಗಿದೀಯಾ?”

“ಸರೋಜ,” ಎಂದೆ, “ನಾನು ಅವತ್ತು ಕೂಗ್ಲಿಲ್ಲ. ಬಡೀಲೂ ಇಲ್ಲ.”

ಅವಳು ಚೀಲದ ಬಾಯನ್ನು ಬಿಚ್ಚಿ ಮತ್ತೆ ಕಟ್ಟಿದಳು. “ಗೊತ್ತು ಕಣಕ್ಕ.”

“ಗೊತ್ತಿದ್ರೆ ಅಷ್ಟು ಜನರ ಮುಂದೆ ಯಾಕೆ ಹೇಳ್ಲಿಲ್ಲ? ಮುಖಕ್ಕೆ ಉಗೀಬಹುದಿತ್ತು.”

“ಉಗಿದಿದ್ರೆ, ‘ನಿಂಗೆ ಹೆಂಗೆ ಗೊತ್ತು’ ಅಂತ ಕೇಳ್ತಿದ್ರು.” ಅವಳ ದನಿ ಬಸ್ಸಿನ ಸದ್ದಿನಲ್ಲಿ ನನಗೊಬ್ಬಳಿಗೇ ಕೇಳುವಷ್ಟಿತ್ತು. “ನೀನು ಕೋಲು ಹಿಡ್ಕಂಡು ಬಂದು ನಿಂತಿದ್ದು ನೋಡ್ದೆ. ಬೆಳಗ್ಗೆ ಹೊತ್ತು ನೀನು ಬೇಲಿ ತಾವ ಬರೋದು ಇನ್ಯಾತಕ್ಕೆ? ಆನೆ ಅಂತ ಗೊತ್ತಾಯ್ತು. ನಲ್ಲಿ ತಾವ ಅಂದಿದ್ನಲ್ಲ, ಈಗ ಬಾಯಲ್ಲಿ ಹೇಳ್ಲಿ, ಹೆಸರಿಡ್ದು ಕರೀಲಿ ಅಂತ ಬೆನ್ನು ತಿರುಗಿಸ್ದೆ. ನೀನು ಹೋದೆ. ಇವ್ರಿಗೆ ಹೇಳ್ಬೇಕು ಅಂದ್ಕಂಡೆ. ಆಮೇಲೆ, ಆನೆ ಇದ್ದಿದ್ರೆ ಬಡೀದೆ ಹೋಗ್ತಿದ್ಲಾ, ಇರಲಿಕ್ಕಿಲ್ಲ ಅಂದ್ಕಂಡೆ. ಸಿಟ್ಟು ಬೇರೆ. ಕೊಟ್ಟಿಗೆಲಿ ಸಗಣಿ ಬಾಚ್ತಿದ್ದೆ. ಇವ್ರು ಬಂದು ಗದ್ದೆ ತಾವ ಹೋಗ್ಬತ್ತೀನಿ ಅಂದ್ರು.” ಅವಳು ಚೀಲದ ಗಂಟನ್ನು ಬಿಗಿಯಾಗಿ ಹಿಡಿದಳು. “ಹೂಂ ಅಂದೆ. ಹೂಂ ಅಂದ್ಬಿಟ್ಟೆ ಕಣಕ್ಕ.”

ಬಸ್ಸು ಒಂದು ತಿರುವು ದಾಟಿತು. ಇಬ್ಬರ ಭುಜ ಒಂದಕ್ಕೊಂದು ತಾಗಿತು. ಯಾರೂ ಸರಿಯಲಿಲ್ಲ.

ನಾನು ಕೆಮ್ಮಿನ ವಿಷಯ ಹೇಳಿದೆ. ಯಾರಿಗೂ ಹೇಳಿರದದ್ದು. ಅವಳು ಮೊದಲ ಸಲ ನನ್ನ ಮುಖ ನೋಡಿದಳು.

“ಎರಡು ಸಲಿಯಾ?”

“ಎರಡು ಸಲ.”

“ಹಾಲು ಕಾಯೋ ಹೊತ್ತಿಗೆ?”

“ನಿಂಗೂ ಕೇಳುತ್ತಾ?”

“ಗುಡಿಸ್ತಾ ಬೇಲಿ ತಾವ ಬತ್ತೀನಲ್ಲ, ಆಗ. ನಿಂತು ಕೇಳ್ತೀನಿ,” ಎಂದಳು. ಅವಳ ತೋಳಿನ ಕೂದಲು ನಿಂತಿದ್ದು ನನಗೆ ಕಾಣುತ್ತಿತ್ತು. ಏಳು ವರ್ಷ ಬೇಲಿಯ ಆಚೆ ಅವಳು, ಈಚೆ ನಾನು, ಒಂದೇ ಸದ್ದಿಗೆ ಕಿವಿ ಕೊಟ್ಟು ನಿಂತಿದ್ದೆವು.

ನಾನು ಅವಳ ಕೈ ಹಿಡಿದು ತಪ್ಪಾಯಿತು ಎಂದೆ. ಸುಳ್ಳಿಗೂ, ಅಂದು ಬಡಿಯದೆ ಹೋದದ್ದಕ್ಕೂ. “ಮತ್ತೆ ಆ ದಿನ ಹೆತ್ತಿಲ್ಲ ಅಂತ ಅಂದೆನಲ್ಲ...” ಎಂದು ಶುರು ಮಾಡಿದೆ.

“ಅದನ್ನೀಗ ತೆಗೀಬ್ಯಾಡ,” ಎಂದಳು. “ಬಸ್ಸಲ್ಲಿ ಅಳ್ಸಬ್ಯಾಡ ನನ್ನ. ಕ್ಷಮಿಸ್ದೆ ಗಿಮಿಸ್ದೆ ಅನ್ನೋದು ನಂಗೆ ಬರಲ್ಲ. ನನ್ನೇ ಯಾರು ಕ್ಷಮಿಸ್ತಾರೆ? ಒಂದು ಮಾಡು. ಇವ್ರಿಗೆ ಹಟಮಾರಿ ಅಂತ ಹೆಸರು ಉಳೀತು. ಜೀವ ಇರೋ ತನಕ ಒಬ್ಬರ ಮಾತು ಮೀರ್ದೋರಲ್ಲ. ಆ ಹೆಸರು ತೆಗಿ. ನಂದೂ ಸೇರ್ಸಿ ಹೇಳು, ಪರ್ವಾಗಿಲ್ಲ.”

ಶನಿವಾರಸಂತೆಯಲ್ಲಿ ಇಳಿದೆವು. ಅವಳೇ ತೋಳು ಹಿಡಿದು ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿ ಚಹಾ, ಬನ್ನು ಹೇಳಿದಳು. ಬನ್ನು ಮುರಿದು ಚಹಾದಲ್ಲಿ ಅದ್ದಿ ನನ್ನ ಕೈಗಿಟ್ಟಳು. “ನಿಧಾನ. ಯಾರೂ ಕಿತ್ಕಳಲ್ಲ.” ನಾನು ಬಾಯಿಗೆ ಇಟ್ಟೆ. ಅದು ನಾಲಿಗೆಯ ಬುಡಕ್ಕೆ ಹೋಯಿತು, ನಿಂತಿತು. ಕಣ್ಣು ಕತ್ತಲೆ ಬಂತು. ಆಮೇಲೆ ಇಳಿಯಿತು. ಅರ್ಧ ಬನ್ನು ತಿಂದೆ. ಶಾಂತಾ ಬಾಗಿಲಲ್ಲಿ ನಿಂತು ಇದೇನು, ಇವರಿಬ್ಬರೂ ಒಂದೇ ಟೇಬಲ್ಲಿಗೆ ಹೇಗೆ ಬಂದರು ಎಂದು ತಿಳಿಯದೆ ನೋಡುತ್ತಿದ್ದಳು.

ಒಂದೇ ದಿನದಲ್ಲಿ ಎಲ್ಲ ಗುಣವಾಯಿತು ಎಂದು ಬರೆದರೆ ಮತ್ತೊಂದು ಸುಳ್ಳಾಗುತ್ತದೆ. ಮಾತ್ರೆಯನ್ನೂ ತಪ್ಪದೆ ತೆಗೆದುಕೊಂಡೆ. ರೊಟ್ಟಿ ಸಲೀಸಾಗಿ ಇಳಿಯಲು ಮಳೆಗಾಲ ಬರಬೇಕಾಯಿತು. ಆದರೆ ಆ ಬಸ್ಸಿನಲ್ಲಿ ಅಷ್ಟು ಜನರ ನಡುವೆ ಒಂದು ಸೀಟನ್ನು ಖಾಲಿ ಇಟ್ಟವನು ಯಾರೆಂದು ನನಗೆ ಗೊತ್ತು. ನನ್ನ ಕಾಲು ಬರುವುದಿಲ್ಲ ಎಂದೆ, ಅವನು ಅವಳನ್ನೇ ಕರೆತಂದ. ಏಳು ವರ್ಷ ಅವನು ಕೇಳಿಸಿಕೊಳ್ಳಲಿಲ್ಲ ಎಂದು ಕೊರಗಿದ್ದೆ. ಕೇಳಬೇಕಾದ ಮಾತನ್ನು ನಾನು ಹೇಳಿಯೇ ಇರಲಿಲ್ಲ.

ಮರುದಿನದಿಂದ ಒಂದೊಂದೇ ಮನೆಗೆ ಹೋದೆ. ಬೆವರಿ ಸೆರಗೆಲ್ಲ ಒದ್ದೆಯಾಗುತ್ತಿತ್ತು. ಮೂರು ಮನೆಯವರು ಕೊನೆಯವರೆಗೆ ಕೇಳಿದರು, ಅವರಲ್ಲಿ ಒಬ್ಬರು ನೀರು ಕೊಟ್ಟರು. ಡೇವಿಡಣ್ಣ ಮಾತ್ರ, “ನಿನ್ನ ‘ಕೇಳ್ತು’ ನಂಬ್ಕಂಡು ನಾನು ಅವತ್ತು ಒಳಗೋಗಿ ಕಾಫಿ ಕುಡಿದೆನಲ್ಲ ಮಾರಾಯ್ತಿ” ಎಂದರು. ಅಂದಿನಿಂದ ಅವರು ನನ್ನ ಜೊತೆ ಮಾತಾಡಿಲ್ಲ. ಅವರ ಸಿಟ್ಟು ನ್ಯಾಯವಾದದ್ದು. ನಾನು ದಿನವೂ ಅವರಿಗೆ ನಮಸ್ಕಾರ ಹೇಳುತ್ತೇನೆ, ಉತ್ತರ ಬರದಿದ್ದರೂ. ಕೆಮ್ಮು ಈಗಲೂ ಅಪರೂಪಕ್ಕೆ ಕೇಳುತ್ತದೆ. ಸರೋಜಳಿಗೂ ಕೇಳುತ್ತದಂತೆ. ಅದನ್ನು ತೆಗೆದುಬಿಡು ಎಂದು ನಾನು ಬೇಡುವುದಿಲ್ಲ.

ಮಕ್ಕಳೇ, ಇನ್ನು ನಿಮಗೇ ಹೇಳಬೇಕಾದದ್ದು. ನೀವು ಚಿಕ್ಕವರಿದ್ದಾಗ ಹೇಳಿದ ಮಾತು ಕೇಳದೆ ಓಡಿದರೆ ನಾನು ಈರಪ್ಪ ತಾತನ ಕತೆ ಹೇಳುತ್ತಿದ್ದೆ. ಕೂಗಿದರೂ ಕೇಳದೆ ಹೋದರು, ಆನೆ ತುಳಿಯಿತು ಎಂದು. ನಿಮ್ಮನ್ನು ಹೆದರಿಸಲು ಹೇಳುತ್ತಿದ್ದೆ. ಹೇಳಿ ಹೇಳಿ ನನಗೇ ಅದು ನಿಜವಾಗಲಿ ಎಂದೂ ಇರಬಹುದು. ಆಶಾ, ನೀನು ಐದನೇ ಕ್ಲಾಸಿನಲ್ಲಿ ಅದನ್ನು ಶಾಲೆಯಲ್ಲಿ ಹೇಳಿ ಚಪ್ಪಾಳೆ ಪಡೆದು ಬಂದೆ. ನಾನು ಹಿತ್ತಲಿಗೆ ಹೋಗಿ ಅತ್ತೆ, ಆದರೂ ನಿನ್ನನ್ನು ತಿದ್ದಲಿಲ್ಲ.

ಈಗ ತಿದ್ದುತ್ತಿದ್ದೇನೆ. ಈರಪ್ಪ ತಾತ ಮಾತು ಮೀರಿದವರಲ್ಲ. ಅವರಿಗೆ ಯಾರೂ ಹೇಳಲಿಲ್ಲ. ಆ ಕತೆಯನ್ನು ನೀವು ಯಾರಿಗೆಲ್ಲ ಹೇಳಿದ್ದೀರೋ ಅವರಿಗೆ ಇದನ್ನೂ ಹೇಳಿ. ಅಜ್ಜಿಯ ಮಾನ ಹೋಗುತ್ತದೆ ಎಂದು ಅಳುಕಬೇಡಿ. ನನ್ನನ್ನು ತಳ್ಳಿಬಿಡದ ದೇವರು ನನಗಿದ್ದಾನೆ. ಸತ್ತವರು ಬಂದು ತಮ್ಮ ಹೆಸರನ್ನು ತಾವೇ ತಿದ್ದಿಕೊಳ್ಳಲಾರರು.

ನಿಮ್ಮ ಅಜ್ಜಿ,
ರಾಹೇಲಮ್ಮ